ನಮ್ಮ ಸೀಮೆಯ ಹಾಳುಗುಡಿಗಳೂ ನಮ್ಮ ಹಿತ್ತಲ ಕಲ್ಲೂ

ಯಾತ್ರೆಯೆಂದರೆ ದೂರಕ್ಕೆ ಹೋಗಬೇಕೆಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವುದು. ಕಾಶಿ ರಾಮೇಶ್ವರಗಳಿಗೆ ಹೋಗಿಬಂದವರು ನಮ್ಮ ಬಂಧುವರ್ಗದಲ್ಲಿ ಅನೇಕರುಂಟು. ಹಂಪೆ, ಬೇಲೂರು, ಹಳೆಯಬೀಡುಗಳನ್ನು ಕಂಡುಬಂದವರೂ ಇರುವರು. ಆದರೆ ತಮ್ಮ ಮನೆಯಿಂದ ಹತ್ತು ಮೈಲಿಯೊಳಗೆ ಸಾವಿರ ವರ್ಷಗಳಿಂದ ಬಿಸಿಲುಮಳೆಗಳನ್ನು ತಾಳಿಕೊಂಡು ನಿಂತಿರುವ ಗುಡಿಯ ಬಾಗಿಲನ್ನು ಒಮ್ಮೆಯಾದರೂ ದಾಟಿದವರು ಎಷ್ಟು ಮಂದಿಯೆಂದು ಕೇಳಿದರೆ, ಉತ್ತರವನ್ನು ಹೇಳಲು ನಾಚಿಕೆಯಾಗುವುದು. ಆ ನಾಚಿಕೆಯಲ್ಲಿ ನಮಗೂ ಪಾಲುಂಟು. ಹುಟ್ಟಿ ಬೆಳೆದದ್ದು ತೆರಕಣಾಂಬಿಯ ಕಡೆಯ ಒಂದು ಹಳ್ಳಿಯಲ್ಲಾದರೂ, ಚಾಮರಾಜನಗರ ಗುಂಡ್ಲುಪೇಟೆಗಳ ನಡುವಣ ಹಾದಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದರೂ, ಆ ಹಾದಿಯ ಎಡಬಲಗಳಲ್ಲಿರುವ ಹಾಳುಗುಡಿಗಳನ್ನು ನಾವು ಕಣ್ತೆರೆದು ನೋಡಿದ್ದು ಇತ್ತೀಚೆಗಷ್ಟೆ. ನೋಡುವಂತೆ ಮಾಡಿದ್ದು ನಮ್ಮ ಹಿತ್ತಲಲ್ಲಿದ್ದ ಒಂದು ಕಲ್ಲು. ಅದರ ಕಥೆಯನ್ನು ಕಡೆಯಲ್ಲಿ ಹೇಳುವೆವು. ಮೊದಲು ಹಾದಿಯ ವಿಚಾರ.

ಮಾಘಮಾಸದ ಒಂದು ಪ್ರಾತಃಕಾಲ ನಾವು, ನಮ್ಮ ಮನೆಯವರು, ಇಬ್ಬರು ಮಕ್ಕಳು, ಇಷ್ಟು ಜನ ಬುತ್ತಿಯನ್ನು ಕಟ್ಟಿಕೊಂಡು ಚಾಮರಾಜನಗರದಿಂದ ಹೊರಟೆವು. ಈ ಪಟ್ಟಣಕ್ಕೆ ಮೊದಲು ಅರಿಕುಠಾರವೆಂದು ಹೆಸರಿದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರವರು ತಮ್ಮ ತಂದೆ ಚಾಮರಾಜ ಒಡೆಯರವರು ಹುಟ್ಟಿದ ಊರೆಂಬ ಅಭಿಮಾನದಿಂದ 1818ರಲ್ಲಿ ಇದಕ್ಕೆ ಚಾಮರಾಜನಗರವೆಂದು ಹೆಸರಿಟ್ಟು, ಮುಂದೆ 1826ರಲ್ಲಿ ಚಾಮರಾಜೇಶ್ವರನ ದೊಡ್ಡ ದೇವಾಲಯವನ್ನು ಕಟ್ಟಿಸಿದರು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಇದೇ ಒಂದು ಜಿಲ್ಲೆಯ ಮುಖ್ಯಪಟ್ಟಣವಾಯಿತು. ಚಾಮರಾಜೇಶ್ವರನ ಗುಡಿ ಪೂಜೆಪುನಸ್ಕಾರಗಳಿಂದ ಕಳಕಳಿಸುತ್ತಿರುವುದು. ಅದರ ಯೋಗಕ್ಷೇಮಕ್ಕೆ ಚಿಂತಿಸುವವರು ಬೇಕಾದಷ್ಟು ಜನರಿರುವರು. ನಾವು ಹುಡುಕಿಹೊರಟದ್ದು ಅಂತಹ ಭಾಗ್ಯವಿಲ್ಲದ ಸ್ಥಳಗಳನ್ನು.

ಪಟ್ಟಣದಲ್ಲಿಯೇ ಒಂದು ಚಿಕ್ಕ ಬಸದಿಯುಂಟು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ಕಟ್ಟಿಸಿದ ಪಾರ್ಶ್ವನಾಥ ಬಸದಿಯದು. ಅದಕ್ಕೆ ಸಂಬಂಧಿಸಿದ 1117ರ ಶಾಸನದಲ್ಲಿ ಆ ದಂಡನಾಯಕನು ತೊದವರನ್ನು ಬೆದರಿಸಿ ನೀಲಗಿರಿಯನ್ನು ಹಿಡಿದ ಸಂಗತಿ ಹೇಳಲ್ಪಟ್ಟಿರುವುದು. ಇಂದು ಉದಕಮಂಡಲಕ್ಕೆ ವಿಹಾರಾರ್ಥವಾಗಿ ಹೋಗುವ ನಮ್ಮ ಜನರಿಗೆ, ಆ ಬೆಟ್ಟಸೀಮೆಯ ಹೆಸರೂ ಅಲ್ಲಿಯ ತೊದವರ ಹೆಸರೂ ಮೊತ್ತಮೊದಲು ಕಾಣಿಸಿಕೊಳ್ಳುವ ಬರಹಗಳಲ್ಲಿ ಒಂದು ಚಾಮರಾಜನಗರದ ಕಲ್ಲಿನಲ್ಲಿರುವುದೆಂದು ತಿಳಿಯದು. ಅದೇ ಶಾಸನ ಇನ್ನೊಂದು ಮಾತನ್ನೂ ಹೇಳುವುದು. ಬಂಡವಾಳ ಕಳೆದುಕೊಂಡ ವರ್ತಕರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗರಿಗೆ, ನೆಲೆತಪ್ಪಿದ ಬೇಡರ ನಾಯಕರಿಗೆ ಪುಣಿಸನು ಅವರವರು ಕಳೆದುಕೊಂಡದ್ದನ್ನು ಕೊಟ್ಟು ಕಾಪಾಡಿದನಂತೆ. ಯುದ್ಧದಲ್ಲಿ ಗೆದ್ದವರ ಹೆಸರುಗಳನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವೆವು. ಬಿತ್ತನೆಯ ಬೀಜವನ್ನು ಕೊಟ್ಟವನ ಹೆಸರನ್ನು ಹೇಳಿಕೊಟ್ಟದ್ದುಂಟೆ? ಒಂಬೈನೂರು ವರ್ಷಗಳ ಹಿಂದಣ ಒಬ್ಬ ಬಡ ಒಕ್ಕಲಿಗನ ಕಷ್ಟ ನಮಗೆ ಇಂದು ತಿಳಿಯುತ್ತಿರುವುದು ಒಂದು ಕಲ್ಲು ಉಳಿದುಬಂದ ಕಾರಣದಿಂದ ಮಾತ್ರ.

ಪಟ್ಟಣದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ರಾಮಸಮುದ್ರವಿರುವುದು. ಅದರ ಸಮೀಪದಲ್ಲಿ ಒಂದು ಪುರಾತನ ನಗರದ ಅವಶೇಷಗಳಿದ್ದುವೆಂದೂ, ಆ ನಗರಕ್ಕೆ ಮಣಿಪುರವೆಂದು ಹೆಸರಿದ್ದಿತೆಂದು ಜನರು ಹೇಳುವರೆಂದೂ ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಬಿ. ಎಲ್. ರೈಸ್ ಅವರು ಬರೆದಿರುವರು. ಬಭ್ರುವಾಹನನ ಮಣಿಪುರವನ್ನು ತಮ್ಮ ಊರಿನ ಬಳಿಯಲ್ಲಿಯೇ ಕಾಣುವ ಆಸೆ ಭರತಖಂಡದ ಅನೇಕ ಸೀಮೆಗಳ ಜನರಿಗುಂಟು. ಅದನ್ನು ಇತಿಹಾಸವೆಂದು ಹಿಡಿಯಬೇಕಾದುದಿಲ್ಲ. ಆದರೆ ನೆಲದಲ್ಲಿ ಹಳೆಯ ಊರಿನ ಕುರುಹುಗಳಿದ್ದುದರಿಂದಲೇ ಆ ಕಥೆ ಅಲ್ಲಿ ಅಂಟಿಕೊಂಡಿತೆಂಬುದು ಮಾತ್ರ ಊಹಿಸತಕ್ಕ ವಿಷಯ. ಊರು ಹೋಯಿತು, ಹೆಸರುಳಿಯಿತು. ಹೆಸರನ್ನು ಹಿಡಿದುಕೊಂಡು ಜನರು ಕಥೆಯನ್ನು ಕಟ್ಟಿದರು.

ಪಟ್ಟಣಕ್ಕೆ ಹತ್ತಿರದಲ್ಲಿರುವ ಹರದನಹಳ್ಳಿಯು ಇನ್ನೊಂದು ಹಳೆಯ ಸ್ಥಳ. ದಿವ್ಯಲಿಂಗೇಶ್ವರ, ಅನಿಲೇಶ್ವರ ಎಂಬ ಎರಡು ಶಿವಾಲಯಗಳು ಅಲ್ಲಿರುವುವು. ತೋಂಟದ ಸಿದ್ಧಲಿಂಗ ಯತಿಗಳ ಜನ್ಮಸ್ಥಳವೆಂದು ವೀರಶೈವ ಸಮಾಜದವರು ಈ ಊರನ್ನು ಗೌರವಿಸುವರು. ದಿವ್ಯಲಿಂಗೇಶ್ವರನ ಗುಡಿಯ ಹೊರಗೆ ನೆರಳಿನಲ್ಲಿ ಕುಳಿತಿದ್ದ ಒಬ್ಬ ವೃದ್ಧರು, ನಾವು ಕಂಬಗಳನ್ನು ನೋಡುತ್ತಿದ್ದುದನ್ನು ಕಂಡು, “ನೀವು ಅಳತೆ ಮಾಡಲು ಬಂದವರೊ, ಕೈಮುಗಿಯಲು ಬಂದವರೊ?” ಎಂದು ಕೇಳಿದರು. “ಎರಡೂ ಅಲ್ಲ, ಸುಮ್ಮನೆ ನೋಡಲು ಬಂದೆವು” ಎಂದೆವು. “ಹಾಗಾದರೆ ಒಳ್ಳೆಯದು. ಅಳತೆ ಮಾಡಿಕೊಂಡು ಹೋದವರು ಮತ್ತೆ ಬರುವುದಿಲ್ಲ, ಕೈಮುಗಿದವರು ಕಲ್ಲನ್ನು ನೋಡುವುದಿಲ್ಲ” ಎಂದರು. ಆ ಮಾತನ್ನು ನಾವು ದಾರಿಯುದ್ದಕ್ಕೂ ನೆನೆದೆವು.

ಅಲ್ಲಿಂದ ಮುಂದೆ ನಾವು ಇದೇ ತಾಲ್ಲೂಕಿನ ನರಸಮಂಗಲಕ್ಕೆ ಹೋದೆವು. ಅಲ್ಲಿಯ ರಾಮೇಶ್ವರ ದೇವಾಲಯವು ತಲಕಾಡಿನ ಗಂಗರ ಕಾಲಕ್ಕೆ, ಎಂದರೆ ಹೊಯ್ಸಳರಿಗಿಂತಲೂ ಮುಂಚಿನ ಕಾಲಕ್ಕೆ ಸೇರಿದುದು. ಕಲ್ಲಿನ ಗುಡಿಗಳನ್ನೇ ನೋಡಿ ಪಳಗಿದ ಕಣ್ಣಿಗೆ ಇದು ಹೊಸದಾಗಿ ತೋರುವುದು. ಏಕೆಂದರೆ ಇದರ ವಿಮಾನವನ್ನು ಇಟ್ಟಿಗೆಯಿಂದ ಕಟ್ಟಿ, ಅದರ ಮೇಲಣ ಮೂರ್ತಿಗಳನ್ನು ಗಾರೆಯಿಂದ ಮಾಡಿರುವರು. ಸುಣ್ಣವನ್ನೂ ಮರಳನ್ನೂ ನುಣ್ಣಗೆ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದುವನ್ನು ಸೇರಿಸಿ ಹದಮಾಡುತ್ತಿದ್ದ ಗಾರೆಯ ಕೆಲಸವನ್ನು ನಮ್ಮ ಅಜ್ಜಂದಿರ ಕಾಲದವರು ಮನೆಗಳನ್ನು ಕಟ್ಟುವಾಗ ಕಂಡಿದ್ದರು. ಕಲ್ಲಿನಂತೆ ಗಾರೆಯನ್ನು ಉಳಿಯಿಂದ ಕೆತ್ತಿ ತೆಗೆಯುವುದಲ್ಲ. ಹಸಿಯಾಗಿರುವಾಗಲೇ ಕೈಬೆರಳುಗಳಿಂದ ಮಿದಿದು ಮೂಗು, ತುಟಿ, ಜಡೆಗಳನ್ನು ತಿದ್ದುವುದು. ಆದುದರಿಂದ ಆ ಮೂರ್ತಿಗಳ ಮೈಯಲ್ಲಿ ಕಲ್ಲಿಗಿಲ್ಲದ ಒಂದು ಮೃದುತ್ವವುಂಟು. ಆದರೆ ಆ ಮೃದುತ್ವವೇ ಅವುಗಳಿಗೆ ಅಪಾಯವೂ ಹೌದು. ಮಳೆಯ ನೀರು ಒಂದು ಬಿರುಕಿನಲ್ಲಿ ಸೇರಿದರೆ ಸಾಕು, ಗಾರೆ ಇಟ್ಟಿಗೆಯನ್ನು ಬಿಟ್ಟು ಹಕ್ಕಳೆಯಂತೆ ಎದ್ದುಬರುವುದು. ಸಾವಿರಕ್ಕೂ ಮಿಕ್ಕ ಮಳೆಗಾಲಗಳನ್ನು ಕಂಡ ಆ ಮೂರ್ತಿಗಳಲ್ಲಿ ಕೈ ಕಾಲು ಕಳೆದುಕೊಂಡವು ಅನೇಕವಿರುವುವು. ಆದಾಗ್ಯೂ ಉಳಿದಷ್ಟೇ ನೋಡುವವರನ್ನು ನಿಲ್ಲಿಸಿಬಿಡುವುದು.

ಒಳಗೆ ಛಾವಣಿಯಲ್ಲಿ ನಟರಾಜನೂ ಅವನ ಸುತ್ತ ಅಷ್ಟದಿಕ್ಪಾಲಕರೂ ಕೆತ್ತಲ್ಪಟ್ಟಿರುವರು. ಸಪ್ತಮಾತೃಕೆಯರ ಕಲ್ಲಿನ ಮೂರ್ತಿಗಳೂ ಇಲ್ಲಿರುವುವು. ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ, ಚಾಮುಂಡಿ ಎಂದು ನಮ್ಮ ಮನೆಯವರು ಮಗಳಿಗೆ ಒಬ್ಬೊಬ್ಬರನ್ನಾಗಿ ತೋರಿಸಿ ಹೇಳಿಕೊಡುತ್ತಿದ್ದರು. ಅಷ್ಟರಲ್ಲಿ ಮಗನ ಸದ್ದೇ ಇಲ್ಲವಲ್ಲ ಎಂದು ತಿರುಗಿ ನೋಡಿದರೆ, ಆ ಮಹಾಶಯನು ಹೊರಗೆ ಗೋಡೆಯ ಬದಿಯಲ್ಲಿ ಇದ್ದಲಿನ ತುಂಡೊಂದನ್ನು ಹಿಡಿದು ತನ್ನ ಹೆಸರಿನ ಎರಡು ಅಕ್ಷರಗಳನ್ನು ಆಗಲೇ ಬರೆದಿದ್ದನು! ಗದರಿಸಲು ಬಾಯಿ ತೆರೆದೆವು. ಅವನು, “ಇಲ್ಲಿ ಎಲ್ಲರೂ ಬರೆದಿದ್ದಾರಲ್ಲ” ಎಂದು ಕೈತೋರಿದನು. ನಿಜವೇ; ಅವನಿಗಿಂತ ಮುಂಚೆ ಬಂದ ದೊಡ್ಡವರು ಅವನಿಗೆ ದಾರಿ ತೋರಿಸಿಕೊಟ್ಟಿದ್ದರು. ಬಟ್ಟೆಯನ್ನು ನೀರಿನಲ್ಲಿ ಅದ್ದಿ ನಾವೇ ಮೆಲ್ಲನೆ ಒರಸಿದೆವು. ಮಸಿ ಹೋಯಿತು, ಅದರ ನೆರಳು ಪೂರ್ತಿಯಾಗಿ ಹೋಗಲಿಲ್ಲ. ಉಜ್ಜಿದರೆ ಕಲ್ಲಿಗೇ ಹಾನಿಯೆಂದು ಬಿಟ್ಟುಬಿಟ್ಟೆವು. ಮಗನು ದಾರಿಯಲ್ಲಿ ಬಹಳ ಹೊತ್ತು ಮಾತನಾಡಲಿಲ್ಲ.

ನಡುಹಗಲು ತಿರುಗುವ ಹೊತ್ತಿಗೆ ಗುಂಡ್ಲುಪೇಟೆಯ ದಾರಿಯಲ್ಲಿರುವ ತೆರಕಣಾಂಬಿಯನ್ನು ಸೇರಿದೆವು. ಇಂದು ನೋಡುವವರಿಗೆ ಇದು ಸಂತೆಯೂ ಬಸ್ಸಿನ ನಿಲ್ದಾಣವೂ ಇರುವ ಒಂದು ಸಾಮಾನ್ಯ ಊರು. ಹೊಯ್ಸಳರ ಕಡೆಗಾಲದಲ್ಲಿಯಾದರೊ ಇದು ಸುತ್ತಣ ನಾಡಿಗೆ ರಾಜಧಾನಿಯಂತಿದ್ದಿತು. ಇಲ್ಲಿಂದ ದಣ್ಣಾಯಕರು ಆಳುತ್ತಿದ್ದರು. ನೈಋತ್ಯದ ಕಡೆ ನೋಡಿದರೆ ಮಂಜುಮುಸುಕಿದ ಹಿಮವದ್ಗೋಪಾಲಸ್ವಾಮಿಯ ಬೆಟ್ಟ ಕಾಣುವುದು. ಅದರ ತುದಿಯಲ್ಲಿ ವೇಣುಗೋಪಾಲನ ಗುಡಿ 1315ರಲ್ಲಿ, ಎಂದರೆ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದಲ್ಲಿ, ನಿರ್ಮಿತವಾಯಿತೆಂದು ಹೇಳುವರು. ಹೊಯ್ಸಳರ ತರುವಾಯ ವಿಜಯನಗರದ ಅರಸರ ಕಾಲದಲ್ಲಿಯೂ ತೆರಕಣಾಂಬಿಗೆ ಮಹತ್ತ್ವವಿದ್ದಿತು. ಲಕ್ಷ್ಮೀವರದರಾಜಸ್ವಾಮಿಯ ಗುಡಿಯೂ, ಸಮೀಪದ ತ್ರಿಯಂಬಕಪುರದ ತ್ರಿಯಂಬಕೇಶ್ವರನ ಗುಡಿಯೂ ಆ ವೈಭವಕ್ಕೆ ಸಾಕ್ಷಿಗಳು. ತ್ರಿಯಂಬಕಪುರವು ಚಿಕ್ಕ ಹಳ್ಳಿ; ಗುಡಿಯೊ ಪಟ್ಟಣಕ್ಕೆ ಒಪ್ಪುವಂತಹುದು. ಅಷ್ಟು ದೊಡ್ಡ ಗುಡಿಗೆ ಇಷ್ಟು ಚಿಕ್ಕ ಊರು ಸಾಲದೆಂಬುದು ನೋಡಿದೊಡನೆಯೆ ಮನಸ್ಸಿಗೆ ಹೊಳೆಯುವುದು. ದೇವರು ತನ್ನ ಭಕ್ತರಿಗಿಂತ ಹೆಚ್ಚು ಕಾಲ ಊರಿನಲ್ಲಿ ಉಳಿದುಬಿಟ್ಟಂತೆ ತೋರುವುದು.

ಸಂಜೆಗೆ ಗುಂಡ್ಲುಪೇಟೆ. ಇದಕ್ಕೆ ವಿಜಯಪುರವೆಂಬುದು ಹಳೆಯ ಹೆಸರು. ವಿಜಯನಾರಾಯಣಸ್ವಾಮಿಯ ಪುರಾತನ ಗುಡಿ ಆ ಹೆಸರಿನ ನೆನಪನ್ನು ಇಟ್ಟುಕೊಂಡಿರುವುದು. ಊರಿನ ಬಳಿ ಹರಿಯುವ ಗುಂಡ್ಲುಹೊಳೆಯನ್ನು ಸಂಸ್ಕೃತದಲ್ಲಿ ಕೌಂಡಿನೀ ಎಂದು ಕರೆದಿರುವರು. ಈ ಊರಿಗೂ ಚಿಕದೇವರಾಜ ಒಡೆಯರಿಗೂ ಇರುವ ಸಂಬಂಧವು ಮನಸ್ಸನ್ನು ಕರಗಿಸುವಂತಹುದು. ಪಟ್ಟಕ್ಕೆ ಬರುವ ಮುನ್ನ ಅವರು ಇಲ್ಲಿಗೆ ಸಮೀಪದ ಹಂಗಳದಲ್ಲಿ ಕಾವಲಿನಲ್ಲಿರಬೇಕಾಯಿತು. ಅವರ ತಂದೆ ದೊಡ್ಡದೇವರಾಜರು ಗುಂಡ್ಲುಪೇಟೆಯಲ್ಲಿ ಕಾಲವಾದರು. 1673ರಲ್ಲಿ ಸಿಂಹಾಸನವನ್ನೇರಿದ ಮೇಲೆ ಮಗನು ತಂದೆಯ ಹೆಸರನ್ನು ಮರೆಯಲಿಲ್ಲ. ಪೇಟೆಯನ್ನು ಕಟ್ಟಿಸಿ, ಅಗ್ರಹಾರವನ್ನು ಏರ್ಪಡಿಸಿ, ತಂದೆಯ ಸ್ಮರಣಾರ್ಥವಾಗಿ ಪರವಾಸುದೇವನ ದೇವಾಲಯವನ್ನು ನಿರ್ಮಿಸಿದನು. ಈ ಅರಸರ ಆಸ್ಥಾನದಲ್ಲಿಯೇ ನಮ್ಮ ಸೀಮೆಯ ಯಳಂದೂರಿನ ಸಂಚಿಯ ಹೊನ್ನಮ್ಮನು ಇದ್ದು, ಹದಿಬದೆಯ ಧರ್ಮವನ್ನು ರಚಿಸಿದಳೆಂಬುದನ್ನು ಸೋದರಿಯರು ಜ್ಞಾಪಕದಲ್ಲಿಡತಕ್ಕದ್ದು.

ತಂದೆಗಾಗಿ ಮಗನು ಕಟ್ಟಿಸಿದ ಆ ಪರವಾಸುದೇವಾಲಯವು ಬಹುಕಾಲ ಪೂಜೆಯಿಲ್ಲದೆ ಹಾಳುಬಿದ್ದಿತು. ಅರಸನ ಗುಡಿಗೇ ಈ ಗತಿಯಾದರೆ ನಮ್ಮಂತಹವರು ಕಟ್ಟಿದುದರ ಪಾಡೇನು ಎಂದು ವೈರಾಗ್ಯದ ಮಾತನ್ನಾಡುವುದು ಸುಲಭ. ಆದರೆ ವೈರಾಗ್ಯದಿಂದ ಗೋಡೆ ನಿಲ್ಲದು. ಹಾಳಾಗುವುದು ಹೇಗೆಂಬುದನ್ನು ತಿಳಿದರೆ ಉಳಿಸುವುದು ಹೇಗೆಂಬುದೂ ತಿಳಿಯುವುದು. ಆದುದರಿಂದ ಅದನ್ನು ಸ್ವಲ್ಪ ವಿಚಾರಮಾಡೋಣ.

ಹಾಳುಗುಡಿಯ ಮೊದಲ ಶತ್ರು ಹಕ್ಕಿ ತಿಂದುಬಿಟ್ಟ ಅರಳಿಯ ಬೀಜ. ಅದು ಗೋಪುರದ ಸಂದಿನಲ್ಲಿ ಬಿದ್ದು ಮೊಳೆತು, ಬೆರಳುದ್ದವಿರುವಾಗ ಒಂದು ಮಗು ಕೀಳಬಹುದು. ಹತ್ತು ವರ್ಷ ಬಿಟ್ಟರೆ ಅದರ ಬೇರು ಆನೆಗೂ ಜಗ್ಗದ ಕಲ್ಲನ್ನು ಪಕ್ಕಕ್ಕೆ ತಳ್ಳುವುದು. ಆಗ ಕಿತ್ತರೆ ಮರದೊಡನೆ ಗೋಡೆಯೂ ಬರುವುದು. ಎರಡನೆಯ ಶತ್ರು ಛಾವಣಿಯ ಮೇಲೆ ನಿಲ್ಲುವ ನೀರು. ತರಗೆಲೆಯಿಂದ ಕಟ್ಟಿಕೊಂಡ ಒಂದು ದೋಣಿಯನ್ನು ಮಳೆಗಾಲಕ್ಕೆ ಮುಂಚೆ ಬಿಡಿಸದೆಹೋದರೆ ನೀರು ಒಳಕ್ಕೆ ಇಳಿಯುವುದು. ಮೂರನೆಯ ಶತ್ರು ನಿಕ್ಷೇಪದ ಆಸೆ. ಲಿಂಗದ ಕೆಳಗೆ ಹೊನ್ನಿನ ಕೊಪ್ಪರಿಗೆಯಿರುವುದೆಂದು ನಂಬಿ ರಾತ್ರಿಯ ಹೊತ್ತು ಗರ್ಭಗುಡಿಯನ್ನು ಅಗೆಯುವ ಮೂಢರು ನಾಡಿನ ಎಲ್ಲ ಕಡೆಗಳಲ್ಲಿಯೂ ಇರುವರು. ಅವರಿಗೆ ಸಿಕ್ಕುವುದು ಮಣ್ಣು, ಹಾಳಾಗುವುದು ಅಡಿಪಾಯ.

ನಾಲ್ಕನೆಯ ಶತ್ರುವನ್ನು ಹೇಳಲು ಸಂಕೋಚವಾಗುವುದು, ಏಕೆಂದರೆ ಅದು ಭಕ್ತಿಯ ವೇಷದಲ್ಲಿ ಬರುವುದು. ಊರಿನವರು ಸೇರಿ ಚಂದಾ ಎತ್ತಿ, ಜೀರ್ಣೋದ್ಧಾರವೆಂದು ಹೊರಟು, ಕೆತ್ತನೆಯ ಮೇಲೆ ಸುಣ್ಣ ಬಳಿದು, ಬಣ್ಣ ಹಚ್ಚಿ, ಸಂದುಗಳಿಗೆ ಸಿಮೆಂಟು ತುಂಬುವರು. ಸುಣ್ಣದ ಗಾರೆ ತೇವವನ್ನು ಒಳಗೆ ತೆಗೆದುಕೊಂಡು ಹೊರಗೆ ಬಿಡುವುದು, ಸಿಮೆಂಟು ಹಾಗಲ್ಲ. ಅದು ತೇವವನ್ನು ಗೋಡೆಯೊಳಗೇ ಕಟ್ಟಿಹಾಕುವುದು. ಒಳಗೆ ಸಿಕ್ಕಿಕೊಂಡ ನೀರಿನಿಂದ ಹಳೆಯ ಇಟ್ಟಿಗೆಯೂ ಗಾರೆಯೂ ಪುಡಿಯಾಗುವುವು. ಹೊರಗಿನಿಂದ ನೋಡಿದರೆ ಗುಡಿ ಹೊಸದಾಗಿ ಹೊಳೆಯುವುದು, ಒಳಗೆ ಸಾಯುತ್ತಿರುವುದು. ಮುದಿತಾಯಿಗೆ ಔಷಧವನ್ನು ಕೊಡದೆ ಜರತಾರಿಯ ಸೀರೆಯನ್ನು ಉಡಿಸಿ ಕೂರಿಸಿದಂತೆ.

ಈ ಸಂದರ್ಭದಲ್ಲಿ ದೂರದೇಶದ ಒಂದು ವೃತ್ತಾಂತವು ನಮಗೆ ನೆನಪಾಗುವುದು. ಅಮೆರಿಕದ ಕೊಲೊರಾಡೊ ಸಂಸ್ಥಾನದಲ್ಲಿ ಮೇಸಾ ವರ್ಡೆ ಎಂಬ ಎತ್ತರವಾದ ಸೀಮೆಯುಂಟು. ಅಲ್ಲಿಯ ಬಂಡೆಗಳ ಕೆಳಗಣ ದೊಡ್ಡ ಪೊಟರೆಗಳಲ್ಲಿ ಪ್ಯೂಬ್ಲೊ ಜನರ ಪೂರ್ವಜರು ಕಲ್ಲುಮಣ್ಣುಗಳಿಂದ ಮನೆಗಳನ್ನು ಕಟ್ಟಿಕೊಂಡು, ಮೆಕ್ಕೆಜೋಳವನ್ನು ಬೆಳೆದು ಬಾಳುತ್ತಿದ್ದರು. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲವೇ ಅದು. ಹದಿಮೂರನೆಯ ಶತಮಾನದ ಕೊನೆಯಲ್ಲಿ, ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬರಗಾಲ ಬಂದ ಸಮಯದಲ್ಲಿ, ಅವರು ಆ ಮನೆಗಳನ್ನು ಬಿಟ್ಟು ದಕ್ಷಿಣಕ್ಕೆ ಹೊರಟುಹೋದರು. 1888ರ ಡಿಸೆಂಬರಿನಲ್ಲಿ ದನಗಳನ್ನು ಹುಡುಕಿಕೊಂಡು ಹೋದ ಇಬ್ಬರು ದನಗಾಹಿಗಳ ಕಣ್ಣಿಗೆ, ಹಿಮದ ನಡುವೆ, ಸುಮಾರು 150 ಕೋಣೆಗಳ ಒಂದು ಊರೇ ಬಂಡೆಯ ಮಡಿಲಿನಲ್ಲಿ ಕಂಡಿತು. ಮುಂದೆ ನಡೆದುದು ನಮ್ಮಲ್ಲಿ ನಡೆಯುವುದೇ. ಮಡಕೆಗಳನ್ನೂ, ಬುಟ್ಟಿಗಳನ್ನೂ, ಸತ್ತವರ ಎಲುಬುಗಳನ್ನೂ ಕೂಡ ಅಗೆದು ಮಾರಿದರು. 1891ರಲ್ಲಿ ಸ್ವೀಡನ್ ದೇಶದ ನೊರ್ಡನ್‌ಶೋಲ್ಡ್ ಎಂಬ ತರುಣನು ಕ್ರಮವಾಗಿ ಉತ್ಖನನ ಮಾಡಿದನು; ದೊರೆತುದನ್ನು ಪೆಟ್ಟಿಗೆಗಳಲ್ಲಿ ತುಂಬಿ ಸಾಗಿಸಹೊರಟಾಗ ಊರಿನವರು ಅವನನ್ನು ಹಿಡಿಸಿದರು. ಆದರೆ ಅದನ್ನು ತಡೆಯುವ ಕಾನೂನು ಆಗ ಇರಲಿಲ್ಲವಾದುದರಿಂದ ಬಿಟ್ಟುಬಿಡಬೇಕಾಯಿತು. ಆ ಪದಾರ್ಥಗಳು ಕಡೆಗೆ ಫಿನ್ಲೆಂಡಿನ ವಸ್ತುಸಂಗ್ರಹಾಲಯವನ್ನು ಸೇರಿದುವು.

ಅನಂತರ ಈ ಸ್ಥಳದ ರಕ್ಷಣೆಗೆ ಟೊಂಕಕಟ್ಟಿ ನಿಂತವರು ಗೃಹಿಣಿಯರು. ವರ್ಜೀನಿಯ ಮೆಕ್ಲರ್ಗ್, ಲೂಸಿ ಪೀಬಾಡಿ ಎಂಬ ಇಬ್ಬರು ಮಹಿಳೆಯರು ಮುಂದಾಗಿ, 1900ರಲ್ಲಿ ಸ್ತ್ರೀಯರ ಒಂದು ಸಂಘವನ್ನೇ ಸ್ಥಾಪಿಸಿ, ಉಪನ್ಯಾಸಗಳನ್ನು ಕೊಟ್ಟು, ಕಾಗದಗಳನ್ನು ಬರೆದು, ಹಣವನ್ನು ಕೂಡಿಸಿ, ಅಧಿಕಾರಿಗಳನ್ನು ಬಿಡದೆ ಕಾಡಿದರು. 1906ರಲ್ಲಿ ಪ್ರಾಚೀನ ವಸ್ತುಗಳ ರಕ್ಷಣೆಗಾಗಿ ಶಾಸನವಾಯಿತು; ಅದೇ ವರ್ಷ ಮೇಸಾ ವರ್ಡೆ ರಾಷ್ಟ್ರೀಯ ಉದ್ಯಾನವಾಯಿತು. 1978ರಲ್ಲಿ ಅದು ವಿಶ್ವಪರಂಪರೆಯ ಸ್ಥಾನಗಳ ಪಟ್ಟಿಗೆ ಸೇರಿತು. 2020ರಲ್ಲಿ ಫಿನ್ಲೆಂಡಿನವರು ಆ ಪೂರ್ವಜರ ಅಸ್ಥಿಗಳನ್ನೂ ಸಮಾಧಿಯ ವಸ್ತುಗಳನ್ನೂ ಹಿಂದಿರುಗಿಸಿದರು. ಪ್ಯೂಬ್ಲೊ ಜನರು ಅವನ್ನು ಮತ್ತೆ ನೆಲಕ್ಕೆ ಒಪ್ಪಿಸಿದರು. ಏಕೆಂದರೆ ಆ ಜನರು ಅಳಿದುಹೋದವರಲ್ಲ. ಹೋಪಿ, ಝೂನಿ ಮೊದಲಾದ ಹೆಸರುಗಳಿಂದ ಈಗಲೂ ಬಾಳುತ್ತಿರುವರು. ಆ ಸ್ಥಳಗಳು ಪಾಳುಬಿದ್ದವಲ್ಲ, ಹಿರಿಯರು ಅಲ್ಲಿ ಇನ್ನೂ ಇರುವರು ಎಂಬುದು ಅವರ ನಂಬಿಕೆ.

ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1904ರಲ್ಲಿಯೇ ಭಾರತದಲ್ಲಿ ಶಾಸನವಾಯಿತು. ಮೈಸೂರು ಸಂಸ್ಥಾನವು 1925ರಲ್ಲಿ ತನ್ನದೇ ಆದ ನಿಬಂಧನೆಯನ್ನು ಮಾಡಿತು. ಸ್ವಾತಂತ್ರ್ಯಾನಂತರ 1958ರಲ್ಲಿ ಕೇಂದ್ರದವರೂ 1961ರಲ್ಲಿ ನಮ್ಮ ರಾಜ್ಯದವರೂ ಹೊಸ ಶಾಸನಗಳನ್ನು ತಂದರು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರುಗಳೊಳಗೆ ಹೊಸ ಕಟ್ಟಡವನ್ನು ಕಟ್ಟಕೂಡದು. ಅದರಾಚೆ ಇನ್ನು 200 ಮೀಟರುಗಳವರೆಗೆ ಅನುಮತಿ ಬೇಕು. ವಿದ್ವತ್ತಿಗೂ ಕೊರತೆಯಿಲ್ಲ. 1885ರಲ್ಲಿ ರೈಸ್ ಅವರಿಂದ ಆರಂಭವಾದ ಮೈಸೂರು ಪುರಾತತ್ತ್ವ ಇಲಾಖೆಯಲ್ಲಿ ಆರ್. ನರಸಿಂಹಾಚಾರ್ಯರು, ಆರ್. ಶಾಮಶಾಸ್ತ್ರಿಗಳು, ಎಂ. ಎಚ್. ಕೃಷ್ಣ ಅವರಂತಹ ಮಹನೀಯರು ದುಡಿದರು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ ನಾಲ್ಕನೆಯ ಸಂಪುಟವಾಗಿ 1898ರಲ್ಲಿಯೇ ಅಚ್ಚಾದುವು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು. ಹಂಪೆ 1986ರಲ್ಲಿ, ಬೇಲೂರು ಹಳೆಯಬೀಡು ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆದರೆ ಹಳ್ಳಿಹಳ್ಳಿಗೂ ಇರುವ ಒಂಟಿಗುಡಿ, ವೀರಗಲ್ಲು, ಮಾಸ್ತಿಕಲ್ಲು, ಶಾಸನದ ಕಲ್ಲುಗಳಿಗೆಲ್ಲ ಒಬ್ಬೊಬ್ಬ ಕಾವಲುಗಾರನನ್ನು ಇಡಲು ಯಾವ ಸರ್ಕಾರಕ್ಕೂ ಆಗದು. ಅವುಗಳಿಗೆ ಕಾವಲೆಂದರೆ ಪಕ್ಕದ ಮನೆಯವರೇ.

ಇನ್ನು ನಮ್ಮ ಹಿತ್ತಲ ಕಲ್ಲಿನ ಮಾತು. ನಮ್ಮ ಊರಿನ ಮನೆಯ ಬಾವಿಯ ಬಳಿ ಒಂದು ದೊಡ್ಡ ಚಪ್ಪಡಿಯಿದ್ದಿತು. ನಮ್ಮ ಮುತ್ತಜ್ಜಿಯ ಕಾಲದಿಂದಲೂ ಅದರ ಮೇಲೆ ಬಟ್ಟೆ ಒಗೆಯುವ ವಾಡಿಕೆ. ಅಷ್ಟು ಅನುಕೂಲವಾದ ಕಲ್ಲು ಊರಿನಲ್ಲಿ ಇನ್ನೊಂದಿಲ್ಲವೆಂದು ಮನೆಯ ಹೆಂಗಸರು ಹೆಮ್ಮೆಪಟ್ಟುಕೊಳ್ಳುತ್ತಿದ್ದರು. ಕಳೆದ ವರ್ಷ ಬಾವಿಕಟ್ಟೆಯನ್ನು ದುರಸ್ತಿಮಾಡಿಸುವಾಗ ಆಳುಗಳು ಅದನ್ನು ಹಾರೆಹಾಕಿ ಎತ್ತಿದರು. ನೆಲದಲ್ಲಿ ಹೂತುಹೋಗಿದ್ದ ಅದರ ಕೆಳಭಾಗದಲ್ಲಿ ಸಾಲುಸಾಲಾಗಿ ಹಳಗನ್ನಡದ ಅಕ್ಷರಗಳು ಕಾಣಿಸಿದುವು. ಮೇಲ್ಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಅಲ್ಲಿಯೂ ಅಕ್ಷರಗಳ ಸುಳಿವಿದ್ದಿತು. ಆದರೆ ನುಣುಪಾಗಿ ಸವೆದುಹೋಗಿದ್ದುವು.

ಶಾಸನಗಳನ್ನು ಓದಬಲ್ಲ ಒಬ್ಬ ನಿವೃತ್ತ ಉಪಾಧ್ಯಾಯರನ್ನು ಬೇಡಿಕೊಂಡು ಕರೆತಂದೆವು. ಅವರು ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಬಡಿದು ಅಕ್ಷರಗಳ ಕುಳಿಯೊಳಗೆ ಅದನ್ನು ಇಳಿಸಿ, ಮೇಲೆ ಮಸಿಯನ್ನು ತಟ್ಟಿ ಪಡಿಯಚ್ಚನ್ನು ತೆಗೆದರು. ಕಪ್ಪು ಕಾಗದದಲ್ಲಿ ಬಿಳಿಯ ಅಕ್ಷರಗಳು ಎದ್ದುಬರುವುದನ್ನು ಮಕ್ಕಳು ಉಸಿರುಬಿಗಿಹಿಡಿದು ನೋಡುತ್ತಿದ್ದರು. ಮೊದಲಲ್ಲಿ ‘ಸ್ವಸ್ತಿ’ ಎಂಬುದೂ, ನಡುವೆ ‘ಗದ್ದೆ’, ‘ಕಂಡುಗ’, ‘ಧರ್ಮ’ ಎಂಬ ಮೂರು ಮಾತುಗಳೂ ತಿಳಿದುವು. ಯಾರೋ ಯಾವುದೋ ಧರ್ಮಕಾರ್ಯಕ್ಕೆ ಗದ್ದೆಯನ್ನು ಬಿಟ್ಟ ದಾನಶಾಸನವದು. ಕೊಟ್ಟವರ ಹೆಸರು, ಪಡೆದವರ ಹೆಸರು, ಊರು, ವರ್ಷ ಇವೆಲ್ಲ ಇದ್ದ ಭಾಗವೇ ನಾವು ಬಟ್ಟೆ ಒಗೆಯುತ್ತಿದ್ದ ಭಾಗ. ಅಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಪೂರ್ತಿಯಾಗಿ ಉಳಿದಿದ್ದುದು ಮಣ್ಣಿನಲ್ಲಿ ಹೂತಿದ್ದ ಕಡೆಯ ಸಾಲುಗಳು ಮಾತ್ರ. ಈ ಧರ್ಮವನ್ನು ಕೆಡಿಸಿದವರು ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪಕ್ಕೆ ಹೋಗುವರೆಂಬ, ಅನೇಕ ದಾನಶಾಸನಗಳಲ್ಲಿ ಬರುವ ಶಾಪವಾಕ್ಯವದು.

ಅಚ್ಚಾದ ಸಂಪುಟಗಳನ್ನು ಉಪಾಧ್ಯಾಯರು ಆಮೂಲಾಗ್ರವಾಗಿ ಹುಡುಕಿದರು. ಈ ಶಾಸನ ಅವುಗಳಲ್ಲಿ ಎಲ್ಲಿಯೂ ಸೇರಿಲ್ಲ. ಹಿಂದೆ ವಿದ್ವಾಂಸರು ಊರೂರು ತಿರುಗಿ ಪ್ರತಿ ಮಾಡಿಕೊಂಡಾಗ ನಮ್ಮ ಕಲ್ಲು ಹಿತ್ತಲಿನಲ್ಲಿ, ಒದ್ದೆ ಬಟ್ಟೆಗಳ ಕೆಳಗೆ, ಯಾರ ಕಣ್ಣಿಗೂ ಬೀಳದೆ ಇದ್ದಿರಬೇಕು. ಎಂದ ಮೇಲೆ ಆ ಹೆಸರನ್ನು ತಿಳಿಯುವ ದಾರಿ ಇನ್ನಿಲ್ಲ. ಗದ್ದೆಯನ್ನು ಬಿಟ್ಟುಕೊಟ್ಟ ಆ ಪುಣ್ಯಾತ್ಮನು, ಅಥವಾ ಪುಣ್ಯಾತ್ಮಳು, ತನ್ನ ಹೆಸರು ಚಂದ್ರಸೂರ್ಯರಿರುವವರೆಗೆ ಇರಲೆಂದು ಕಲ್ಲಿನಲ್ಲಿ ಬರೆಯಿಸಿದ್ದಿರಬಹುದು. ಅದನ್ನು ಅಳಿಸಿದವರು ಶತ್ರುಗಳಲ್ಲ, ದಂಡೆತ್ತಿ ಬಂದವರಲ್ಲ. ಅಳಿಸಿದುದು ನಮ್ಮ ಮನೆಯ ಮೂರು ನಾಲ್ಕು ತಲೆಮಾರಿನ ದಿನನಿತ್ಯದ ಬಟ್ಟೆ. ನಮ್ಮ ಮನೆಯವರು ಆ ನುಣುಪಾದ ಭಾಗವನ್ನು ಕೈಯಿಂದ ಸವರುತ್ತ, “ಯಾರ ಹೆಸರೋ ಏನೋ, ತಿಳಿಯದೆ ನಾವೇ ತಿಕ್ಕಿ ತಿಕ್ಕಿ ಅಳಿಸಿಬಿಟ್ಟೆವಲ್ಲ” ಎಂದು ಕಣ್ಣಿನಲ್ಲಿ ನೀರು ತಂದುಕೊಂಡರು. ನಮಗೂ ಮಾತು ಹೊರಡಲಿಲ್ಲ.

ಸಂಬಂಧಪಟ್ಟವರಿಗೆ ಕಾಗದ ಬರೆದು ತಿಳಿಸಿ, ಊರಿನ ಹಿರಿಯರ ಒಪ್ಪಿಗೆಯಿಂದ ಆ ಕಲ್ಲನ್ನು ಊರಮುಂದಣ ಗುಡಿಯ ಪಕ್ಕದಲ್ಲಿ, ನೀರು ನಿಲ್ಲದ ಎತ್ತರದ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿರುವೆವು. ಅರಿಸಿನ ಕುಂಕುಮ ಎಣ್ಣೆಗಳನ್ನು ಹಚ್ಚದೆ, ಸುಮ್ಮನೆ ಒಂದು ಹೂವನ್ನಿಟ್ಟರೆ ಸಾಕೆಂದು ಊರಿನ ಹೆಂಗಸರಿಗೆ ಹೇಳಿದ್ದೇವೆ, ಅವರೂ ಒಪ್ಪಿರುವರು. ಅದರ ತರುವಾಯವೇ ನಾವು ಮಾಘಮಾಸದ ಈ ಪ್ರವಾಸವನ್ನು ಕೈಕೊಂಡದ್ದು.

ವಾಚಕ ಮಹಾಶಯರಲ್ಲಿಯೂ ಸೋದರಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಇದಕ್ಕೆ ಹಣ ಬೇಡ, ಪಾಂಡಿತ್ಯ ಬೇಡ. ನಿಮ್ಮ ಹಿತ್ತಲ ಒಗೆಯುವ ಕಲ್ಲನ್ನೂ, ಹೊಲದ ಬದುವಿನ ಕಲ್ಲನ್ನೂ, ಸಂಕದ ಚಪ್ಪಡಿಯನ್ನೂ ಒಮ್ಮೆ ಸಂಜೆಯ ಓರೆಬಿಸಿಲಿನಲ್ಲಿ ನೋಡಿರಿ. ಅಕ್ಷರವಿದ್ದರೆ ಆಗ ತೋರುವುದು. ತೋರಿದರೆ ಉಜ್ಜಬೇಡಿರಿ, ಉಳಿ ಮುಟ್ಟಿಸಬೇಡಿರಿ, ಬಣ್ಣ ತುಂಬಬೇಡಿರಿ. ಮೈಸೂರಿನಲ್ಲಿರುವ ರಾಜ್ಯದ ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ಊರಿನ ಹಾಳುಗುಡಿಯ ಮಾಳಿಗೆಯ ಮೇಲೆ ಅರಳಿಯ ಸಸಿ ತಲೆಯೆತ್ತಿದ್ದರೆ, ಅದು ಬೆರಳಿನಷ್ಟಿರುವಾಗಲೇ ಊರಿನವರಿಗೆ ತಿಳಿಸಿರಿ. ಜೀರ್ಣೋದ್ಧಾರಕ್ಕೆ ಚಂದಾ ಕೇಳಿದರೆ ಧಾರಾಳವಾಗಿ ಕೊಡಿರಿ. ಆದರೆ ಗಾರೆಯೊ ಸಿಮೆಂಟೊ ಎಂದು ಕೇಳಿಯೇ ಕೊಡಿರಿ. ಮಕ್ಕಳನ್ನು ಕರೆದುಕೊಂಡು ಹೋಗಿರಿ. ಅವರ ಕೈಯಲ್ಲಿ ಇದ್ದಲಿದೆಯೆ ಎಂದು ಮೊದಲೇ ನೋಡಿಕೊಳ್ಳಿರಿ.

ನಮ್ಮ ಮಗನು ಮೊನ್ನೆ ಒಂದು ದಿನ ಶಾಲೆಯಿಂದ ಬಂದು, ಊರಮುಂದಣ ಕಲ್ಲಿನ ಮೇಲೆ ಯಾರೋ ಹುಡುಗರು ಸೀಮೆಸುಣ್ಣದಿಂದ ಗೀಚುತ್ತಿದ್ದರೆಂದೂ, ತಾನು ಬೇಡವೆಂದು ತಡೆದುದಾಗಿಯೂ ಹೇಳಿದನು. “ಏನೆಂದು ಹೇಳಿದೆ?” ಎಂದು ಕೇಳಿದೆವು. “ಅಲ್ಲಿ ಆಗಲೇ ಒಬ್ಬರ ಹೆಸರಿದೆ ಎಂದೆ” ಎಂದನು.